ಎತ್ತಿಹಾಕಿದ ಕೊನೆಯ ಪ್ಯಾರಾ

ಭಾನುವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಫೋನು ಬಂತು. ಗೊತ್ತಿಲ್ಲದ ನಂಬರು. ಆ ಕಡೆಯ ಯುವಕ ನಮಸ್ಕಾರ ಕೂಡ ಹೇಳಲಿಲ್ಲ.

"ಪೇಪರ್‌ನೋರು ತಾನೆ? ನಂದಗುಡಿ ಹತ್ರ ಫಾರ್ಮ್‌ಸ್ಟೇಲಿ ಇದ್ದೀವಿ. ಇಲ್ಲೀ ನೀರು ಕುಡ್ದು ನಮ್ಮತ್ತೆ ಮಲಗ್ಬಿಟ್ಟವ್ರೆ. ಬಂದು ಫೋಟೋ ಹೊಡ್ಕೊಂಡು ಸುದ್ದಿ ಮಾಡಿ. ಮಾಡ್ಲಿಲ್ಲ ಅಂದ್ರೆ ನೀವೂ ಇವ್ರ ಜೊತೆ ಶಾಮೀಲು ಅಂತ ನಾವೇ ಫೇಸ್‌ಬುಕ್‌ನಲ್ಲಿ ಹಾಕ್ತೀವಿ."

ನಾನು ಹೊಸಕೋಟೆ ತಾಲ್ಲೂಕಿನ ವರದಿಗಾರ. ಇಂಥ ಫೋನು ಹೊಸದಲ್ಲ, ನಾನು ಕೇಳುವ ಪ್ರಶ್ನೆಗಳೂ ಹೊಸವಲ್ಲ. ಎಷ್ಟು ಜನಕ್ಕೆ ಆಗಿದೆ, ಯಾವಾಗಿನಿಂದ, ಆಸ್ಪತ್ರೆಗೆ ಹೋದಿರಾ, ಫಾರ್ಮ್‌ಸ್ಟೇಯವರು ಏನನ್ನುತ್ತಾರೆ. ಒಬ್ಬರಿಗೆ ಮಾತ್ರ, ಶುಕ್ರವಾರ ಸಂಜೆಯಿಂದ ಭೇದಿ ಎಂದ. ಮೂರನೆಯ ಪ್ರಶ್ನೆಗೆ, "ಇನ್ನೂ ಇಲ್ಲ, ನೀವು ಬರ್ಲಿ ಅಂತಾನೇ ಕಾಯ್ತಾ ಇದ್ದೀವಿ" ಎಂದ. ಆ ಮಾತನ್ನು ಹಾಗೆಯೇ ಬರೆದುಕೊಂಡೆ. ಬರೆದುಕೊಂಡದ್ದರ ಅರ್ಥ ಆಗಲು ನನಗೆ ಇನ್ನೂ ಒಂದೂವರೆ ಗಂಟೆ ಬೇಕಾಯಿತು.

ಫಾರ್ಮ್‌ಸ್ಟೇ ಮುಖ್ಯ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ, ಕೊಯ್ಲಾದ ರಾಗಿ ಹೊಲಗಳ ನಡುವೆ ಇತ್ತು. ಗೇಟಿನಲ್ಲೇ ಮ್ಯಾನೇಜರ್ ನಿಂತಿದ್ದ. ಅಕ್ಕಪಕ್ಕದ ಹಳ್ಳಿಯವನೇ, ನಲವತ್ತರ ಆಸುಪಾಸು.

"ಸ್ಕೂಟರ್ ಆಚೆ ನಿಲ್ಸಿ ಸಾರ್. ಯಾರು ಕರ್ಸಿದ್ದು ನಿಮ್ಮನ್ನ? ಆ ಹುಡುಗಾನಾ?"

ನೀರಿನ ವ್ಯವಸ್ಥೆ ನೋಡಬೇಕು ಎಂದೆ.

"ನೋಡ್ಕೊಳಿ, ಬಾಯಿಟ್ಟು ಕುಡೀರಿ ಬೇಕಾದ್ರೆ. ಶುಕ್ರವಾರದಿಂದ ಇಪ್ಪತ್ತು ಜನ ಅವ್ರೆ ಇಲ್ಲಿ. ಮಿಕ್ಕೋರೆಲ್ಲ ಈಜ್ಕೊಂಡು, ಕಬಾಬ್ ತಿನ್ಕೊಂಡು ಅವ್ರೆ. ಈಯಮ್ಮಂಗೆ ಒಬ್ರಿಗೆ ಹೆಂಗಾಯ್ತು? ಹೊಟ್ಟೇಲಿ ಇಟ್ಕೊಂಡೇ ಬಂದವ್ರೆ. ಬರ್ಕೊಳಿ ಇದನ್ನೂವೆ."

ಬರೆದುಕೊಂಡೆ. ಅಡುಗೆಮನೆಯ ಹೊರಗೆ ಆರ್‌ಓ ಯಂತ್ರವಿತ್ತು. ಅದಕ್ಕೆ ನೇತುಹಾಕಿದ್ದ ಸರ್ವಿಸ್ ಕಾರ್ಡಿನ ಫೋಟೋ ತೆಗೆದೆ. ಕೊಳವೆಬಾವಿ ನೀರು ಮೊದಲು ಸಿಮೆಂಟ್ ಟ್ಯಾಂಕಿಗೆ ಬೀಳುತ್ತಿತ್ತು, ಅಲ್ಲಿಂದ ಬಚ್ಚಲಿಗೂ ಆರ್‌ಓಗೂ ಹೋಗುತ್ತಿತ್ತು. ಟ್ಯಾಂಕಿನ ಮುಚ್ಚಳ ಅರ್ಧ ಸರಿದಿತ್ತು. ಅದರ ಫೋಟೋ ತೆಗೆಯುವಾಗ ಮ್ಯಾನೇಜರ್ ಅಡ್ಡ ಬಂದು ನಿಂತ. ಅವನನ್ನೂ ಸೇರಿಸಿಯೇ ತೆಗೆದೆ.

ಕೊನೆಯ ಕಾಟೇಜಿನಲ್ಲಿ ನಾಲ್ಕು ಜನರಿದ್ದರು. ಫೋನು ಮಾಡಿದ್ದ ಯುವಕ ಮತ್ತು ಅವನ ತಾಯಿ ಹೊಸಕೋಟೆ ಪೇಟೆಯವರು. ಅವನ ಹೆಂಡತಿಗೆ ಮದುವೆಯಾಗಿ ತಿಂಗಳಾಗಿತ್ತಷ್ಟೇ. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ಅವಳ ತಾಯಿ, ಮದ್ದೂರಿನ ಕಡೆಯವರು, ವಯಸ್ಸು ಅರವತ್ತರ ಹತ್ತಿರ. ಮದುವೆಯ ನಂತರ ಮೊದಲ ಸಲ ಬೀಗರ ಮನೆಗೆ ಬಂದಿದ್ದರು. ಬೀಗರು ರಜೆ ಕಳೆಯಲು ಇಲ್ಲಿಗೆ ಕರೆತಂದಿದ್ದರು.

ಮೂರು ದಿನದ ಊಟದ ವಿವರ ಕೇಳಿ ಬರೆದುಕೊಂಡೆ. ಗುರುವಾರ ರಾತ್ರಿ ಬೀಗರ ಮನೆಯಲ್ಲಿ ಊಟ. ಶುಕ್ರವಾರ ಬೆಳಿಗ್ಗೆ ದಾರಿಯಲ್ಲಿ ಹೆಚ್ಚಿಟ್ಟಿದ್ದ ಕಲ್ಲಂಗಡಿ. ಮಧ್ಯಾಹ್ನದಿಂದ ಫಾರ್ಮ್‌ಸ್ಟೇ. ಗುರುವಾರದ ಊಟದ ಸಾಲು ಬರೆಯುತ್ತಿದ್ದಂತೆ ಯುವಕನ ತಾಯಿ ಪುಸ್ತಕದ ಮೇಲೆ ಕೈಯಿಟ್ಟರು.

"ಅದನ್ಯಾಕೆ ಬರ್ಕೊಂತೀರಾ? ನಮ್ಮನೇಲಿ ಬಾಳೆಲೆ ಹಾಕಿ, ಒಬ್ಬಟ್ಟು ಮಾಡಿ ಬಡ್ಸಿದ್ದೀನಿ. ನಮ್ಮನೇಲಿ ಉಂಡು ಯಾರಿಗೂ ಏನೂ ಆಗಿಲ್ಲ. ಮದ್ದೂರಿಂದ ಇವ್ರ ತಮ್ಮ ಫೋನ್ ಮಾಡಿ ಏನಂದ ಗೊತ್ತಾ? 'ಬೀಗರ ಮನೆ ಊಟ ನಮ್ಮಕ್ಕಂಗೆ ಅರಗಲಿಲ್ವಾ' ಅಂತ. ನಗಾಡ್ಕೊಂಡು! ನಂಗೆ ಗೊತ್ತಾಗಲ್ವಾ ಆ ನಗು?"

ಫೋನು ಮಾಡಿದ ಕಾರಣ ಅಲ್ಲಿಗೆ ತಿಳಿಯಿತು. ತಪ್ಪು ಫಾರ್ಮ್‌ಸ್ಟೇಯದೆಂದು ಅಚ್ಚಾಗಬೇಕಿತ್ತು. ಆ ಪೇಪರನ್ನು ಮದ್ದೂರಿಗೆ ಕಳಿಸಬೇಕಿತ್ತು.

"ನಿನ್ನೇನೇ ಕರ್ಕೊಂಡೋಗ್ಬೇಕಿತ್ತು ಆಸ್ಪತ್ರೆಗೆ" ಎಂದಳು ಮಗಳು, ಮೆಲ್ಲಗೆ, ಯಾರ ಮುಖವನ್ನೂ ನೋಡದೆ.

"ನಿನ್ನೆಯಿಂದ ಅದೇ ರಾಗ" ಎಂದ ಅವಳ ಅತ್ತೆ ಮೊಬೈಲ್ ತೆಗೆದು ನನ್ನ ಮುಖದ ಮುಂದೆ ಹಿಡಿದರು. "ನೋಡಿ ಸ್ವಾಮಿ, ನಿಮ್ ಪೇಪರ್‌ನೋರೇ ಬರ್ದವ್ರೆ. 'ಗಾಬರಿ ಬೇಡ, ಎರಡು ದಿನ ನೋಡಿ' ಅಂತ. ಡಾಕ್ಟ್ರೇ ಹೇಳವ್ರೆ. ನಮ್ ಗ್ರೂಪಲ್ಲಿ ಎಲ್ರಿಗೂ ಬಂದೈತೆ ಇದು. ಶುರುವಾಗಿದ್ದು ಶುಕ್ರವಾರ ಸಂಜೆ. ಇವತ್ತು ಸಂಜೆಗೆ ಎರಡು ದಿನ. ಇನ್ನೂ ಟೈಮ್ ಐತೆ."

ಪತ್ರಿಕೆಯ ತುಣುಕಿನ ಫೋಟೋ ಅದು. "ಪ್ರವಾಸದಲ್ಲಿ ಹೊಟ್ಟೆ ಕೆಟ್ಟರೆ" ಎಂಬ ತಲೆಬರಹ. ಬರೆದವನು ನಾನು.

ರಜೆಯ ಪುರವಣಿಗೆಂದು ಎರಡು ವಾರ ಹಿಂದೆ ನಮ್ಮ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆಯನ್ನು ಕೇಳಿ ಅದನ್ನು ಮಾಡಿದ್ದೆ. ಅವರು ನಾಲ್ಕು ಪ್ಯಾರಾ ಬರೆದು ಕೊಟ್ಟಿದ್ದರು. ಊರು ಬದಲಾದಾಗ ಭೇದಿ ಯಾಕಾಗುತ್ತದೆ ಎಂಬುದು ಮೊದಲನೆಯದು. ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು, ಲೋಟಕ್ಕಲ್ಲ ಎಂಬುದು ಎರಡನೆಯದು. ಮೂರನೆಯದರಲ್ಲಿ ಗಂಜಿ, ಮಜ್ಜಿಗೆ, ಜೊತೆಗೆ ಗಾಬರಿ ಬೇಡ, ಹೆಚ್ಚಿನವರಿಗೆ ತಾನಾಗಿ ನಿಲ್ಲುತ್ತದೆ, ಎರಡು ದಿನ ನೋಡಿ ಎಂಬ ಮಾತು. ನಾಲ್ಕನೆಯ ಪ್ಯಾರಾ "ಆದರೆ" ಎಂದು ಶುರುವಾಗುತ್ತಿತ್ತು. ಯಾರು ಎರಡು ದಿನ ಕಾಯಬಾರದು ಎಂಬುದೆಲ್ಲ ಅಲ್ಲಿತ್ತು.

ಪುಟ ಕಟ್ಟುವ ಹೊತ್ತಿಗೆ ಜಾಹೀರಾತೊಂದು ಬಂದು ಹನ್ನೆರಡು ಸಾಲು ಹೆಚ್ಚಾಯಿತು. ಡೆಸ್ಕಿನಿಂದ ಫೋನು ಬಂದಾಗ ನಾನು ತಾಲ್ಲೂಕು ಪಂಚಾಯಿತಿ ಸಭೆಯಲ್ಲಿದ್ದೆ. "ಕೊನೇ ಪ್ಯಾರಾ ಎತ್ತಿಬಿಡಿ" ಎಂದೆ. ನಾವು ಸುದ್ದಿ ಬರೆಯುವುದೇ ಹಾಗೆ. ಮುಖ್ಯವಾದದ್ದು ಮೇಲೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿ. ವೈದ್ಯರು ಹಾಗೆ ಬರೆಯುವುದಿಲ್ಲ. ಮುಖ್ಯವಾದದ್ದನ್ನು ಅವರು ಕೊನೆಗೆ, ರೋಗಿ ಕುರ್ಚಿಯಿಂದ ಏಳುವಾಗ ಹೇಳುತ್ತಾರೆ. ಮರುದಿನ ವೈದ್ಯೆ "ಕೊನೇ ಪ್ಯಾರಾ ಎಲ್ಲಿ?" ಎಂದು ಸಂದೇಶ ಕಳಿಸಿದ್ದರು. "ಜಾಗ ಸಾಲಲಿಲ್ಲ ಮೇಡಂ, ಮುಂದಿನ ವಾರ ಹಾಕೋಣ" ಎಂದು ಉತ್ತರಿಸಿದ್ದೆ. ಮುಂದಿನ ವಾರ ಬಂತು, ಹೋಯಿತು.

"ಇದು ಪೂರ್ತಿ ಇಲ್ಲಮ್ಮ" ಎಂದೆ. "ಇನ್ನೊಂದು ಪ್ಯಾರಾ ಇತ್ತು. ತೆಗೆಸಿದ್ದು ನಾನೇ."

ಯುವಕ ನಕ್ಕ. "ಸೂಪರ್ ಗುರು. ಅರ್ಧ ಪೇಪರಲ್ಲಿ ಹಾಕಿ ಅರ್ಧ ಜೇಬಲ್ಲಿ ಇಟ್ಕೊಂಡ್ರಾ?"

"ಸುಳ್ಳು ಹೇಳ್ತಾವ್ರೆ ಕಣೋ" ಎಂದರು ಅವನ ತಾಯಿ. "ಆ ಮ್ಯಾನೇಜರ್ ಏನೋ ಕಿವಿ ಊದವ್ನೆ."

ವೈದ್ಯೆಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. ಯಾವ ತುಣುಕು, ಯಾವ ಮಾತು ಎಂದು ಹೇಳುವಷ್ಟರಲ್ಲಿ ಅವರು ತಡೆದರು. "ನಿಮ್ಮ ಕತೆ ಆಮೇಲೆ. ರೋಗಿಗೆ ಕೊಡಿ ಫೋನು."

ಮಗಳು ಫೋನು ಹಿಡಿದಳು. ನಾನು ಪ್ರಶ್ನೆಗಳನ್ನೂ ಉತ್ತರಗಳನ್ನೂ ಬರೆದುಕೊಂಡೆ.

"ದಿನಕ್ಕೆ ಎಷ್ಟು ಸಲ?"

"ನಿನ್ನೆ ಹತ್ತು ಹನ್ನೆರಡು ಸಲ ಮೇಡಂ. ಇವತ್ತು ಕಡಿಮೆ."

"ಜ್ವರ?"

"ರಾತ್ರಿ ಮೈ ಸುಡ್ತಿತ್ತು."

"ರಕ್ತ ಬಿದ್ದಿದ್ಯಾ?"

ಉತ್ತರಿಸಿದ್ದು ಯುವಕನ ತಾಯಿ, ದೂರದಿಂದಲೇ. "ರಕ್ತ ಗಿಕ್ತ ಏನಿಲ್ಲ. ಉಷ್ಣ ಆಗೈತೆ ಅಷ್ಟೇ."

ನಾನು "ರಕ್ತ ಇಲ್ಲ" ಎಂದು ಬರೆದುಬಿಟ್ಟಿದ್ದೆ.

"ಉಷ್ಣ ಅಂದ್ರೆ?" ವೈದ್ಯೆಯ ದನಿ ಬದಲಾಗಲಿಲ್ಲ. "ಏನು ನೋಡಿ ಉಷ್ಣ ಅಂದ್ರಿ? ಯಾವ ಬಣ್ಣ?"

ಗೋಡೆಯ ಕಡೆಯಿಂದ ರೋಗಿಯೇ ಹೇಳಿದರು. "ಕೆಂಪಗೆ ಓಯ್ತಾದೆ ಕಣವ್ವ. ಲೋಳೆ ಲೋಳೆ. ಉಷ್ಣಕ್ಕೆ ಅಂಗಾಯ್ತದಲ್ಲ."

ಬರೆದದ್ದನ್ನು ಹೊಡೆದುಹಾಕಿದೆ. ಈ ಕಡೆ ಬಾಯಿ ಹುಣ್ಣಾದರೂ ಉಷ್ಣ, ಮೂತ್ರ ಉರಿದರೂ ಉಷ್ಣ. ಭೇದಿಯಲ್ಲಿ ರಕ್ತ ಬಿದ್ದರೆ ಅದಕ್ಕೂ ಅದೇ ಹೆಸರು. ಆ ಹೆಸರಿಟ್ಟ ಮೇಲೆ ಎಳನೀರು, ಹೆಸರುಬೇಳೆ ಪಾನಕ, ನೆತ್ತಿಗೆ ಹರಳೆಣ್ಣೆ. ಆಸ್ಪತ್ರೆಯ ಯೋಚನೆ ಬರುವುದಿಲ್ಲ.

"ಕೊನೇ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗಮ್ಮ?"

"ನೆನ್ನೆ ಮಧ್ಯಾಹ್ನ ಇರ್ಬೇಕು."

"ನೀರು ಕುಡೀತಿದ್ದೀರಾ?"

ಈ ಸಲ ಅವರು ತಡೆದು ತಡೆದು ಹೇಳಿದರು. "ಒಂದೇ ಬಚ್ಚಲು, ಬೀಗರೆಲ್ಲ ಇಲ್ಲೇ ಕುಂತವ್ರೆ. ಅವ್ರ ಮುಂದೆ ಎಷ್ಟು ಸಲ ಓಡಾಡ್ಲವ್ವ? ನೀರು ಬಿಟ್ರೆ ನಿಂತೋಯ್ತದೆ ಅಂತ ಬಿಟ್ಬುಟ್ಟೆ."

ವೈದ್ಯೆ ಮಾತ್ರೆಗಳ ವಿಷಯ ಕೇಳಿದರು. ಬಿಪಿ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ಎರಡನ್ನೂ ಖಾಲಿ ಹೊಟ್ಟೆಗೆ ತಪ್ಪದೆ ನುಂಗಿದ್ದರು. ಅಳಿಯ ಮೆಡಿಕಲ್ ಸ್ಟೋರಿನಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಕೊಟ್ಟಿದ್ದ. ಇವತ್ತು ಕಡಿಮೆ ಎಂದು ಮಗಳು ಹೇಳಿದ್ದಕ್ಕೆ ಕಾರಣ ಅದು.

"ಜ್ವರ ಇದೆ, ರಕ್ತ ಹೋಗ್ತಿದೆ, ಅಂಥವರಿಗೆ ಆ ಮಾತ್ರೆ ಕೊಡಬಾರದು" ಎಂದರು ವೈದ್ಯೆ. "ಇನ್ನು ಪ್ರಶ್ನೆ ಇಲ್ಲ. ಈಗಲೇ ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ನುಂಗಿರೋ ಮಾತ್ರೆಗಳನ್ನೆಲ್ಲ ಅಲ್ಲಿ ತೋರಿಸಿ. ಎರಡು ದಿನ ನೋಡಿ ಅಂತ ನಾನು ಹೇಳಿದ್ದು ಕುಡಿದಿದ್ದು ದಕ್ಕೋರಿಗೆ, ಜ್ವರ ರಕ್ತ ಇಲ್ಲದೋರಿಗೆ. ಇವರಿಗೆ ಎರಡು ಗಂಟೆನೂ ಇಲ್ಲ." ಆಮೇಲೆ ನನ್ನ ಹೆಸರು ಹಿಡಿದು, "ಕೊನೇಲಿ ಬರೆದಿದ್ದೆನಲ್ಲ, ಅದೇ ಇದು" ಎಂದು ಫೋನಿಟ್ಟರು.

ಆಗ ಹನ್ನೊಂದು ಗಂಟೆ ಹತ್ತು ನಿಮಿಷ. ಯುವಕನ ಕಾರು ಕಾಟೇಜಿನ ಮುಂದೆಯೇ ನಿಂತಿತ್ತು. ಆದರೂ ಯಾರೂ ಹೊರಡಲಿಲ್ಲ.

"ಫಸ್ಟ್ ಫೋಟೋ ತೆಗೀರಿ" ಎಂದ ಯುವಕ. "ಅತ್ತೆ ಮಂಚದ ಮೇಲೆ ಇರೋದು. ಆಮೇಲೆ ಆ ಮ್ಯಾನೇಜರ್ ನಮ್ ನೀರೇ ಸರಿಯಿಲ್ಲ ಅಂತ ಕ್ಯಾಮೆರಾ ಮುಂದೆ ಒಪ್ಕೋಬೇಕು. ನಾವು ಆ ಕಡೆ ಹೋದ್ರೆ ಈವಯ್ಯ ಈ ಕಡೆ ಟ್ಯಾಂಕ್ ತೊಳ್ಸಿ ಹಾಕ್ತಾನೆ."

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮ್ಯಾನೇಜರ್ ಒಳಗೆ ಬಂದ. "ಒಪ್ಕೊಳ್ಳೋದಾ? ನಿಮ್ಮನೆ ಹಳಸಲು ಉಣ್ಸಿ ನಮ್ ತಲೇಗೆ ಕಟ್ತೀರಾ?"

"ಲೇ, ಯಾರ ಮನೇದು ಹಳಸಲು?" ಎಂದು ಯುವಕ ಅವನ ಕೊರಳಪಟ್ಟಿಗೆ ಕೈ ಹಾಕಿದ. ಮಗಳು 108ಕ್ಕೆ ಫೋನು ಮಾಡುತ್ತೇನೆಂದಳು. "ಆಂಬುಲೆನ್ಸ್ ಗಿಂಬುಲೆನ್ಸ್ ನಮ್ ಗೇಟೊಳಗೆ ಬರಂಗಿಲ್ಲ. ಭಾನುವಾರ, ಬೇರೆ ಗೆಸ್ಟ್‌ಗಳವ್ರೆ" ಎಂದ ಮ್ಯಾನೇಜರ್. ಈ ಗಲಾಟೆಯ ನಡುವೆ ರೋಗಿ ಎದ್ದು ಕೂರಲು ಹೋಗಿ ಹಾಗೆಯೇ ಪಕ್ಕಕ್ಕೆ ವಾಲಿದರು. ನಾಲಿಗೆ ಒಣಗಿತ್ತು. ಮಗಳು ಅವರ ಕೈ ಮೇಲಿನ ಚರ್ಮವನ್ನು ಎಳೆದು ಬಿಟ್ಟಳು. ಅದು ಮಡಿಕೆಯಾಗಿ ಹಾಗೆಯೇ ನಿಂತಿತು.

'ನೀವು ಬರ್ಲಿ ಅಂತಾನೇ ಕಾಯ್ತಾ ಇದ್ದೀವಿ' ಎಂದು ಬೆಳಿಗ್ಗೆ ಬರೆದುಕೊಂಡಿದ್ದ ಸಾಲು ಆಗ ನೆನಪಾಯಿತು. ಈ ಹೆಂಗಸನ್ನು ಇಲ್ಲಿ ಹಿಡಿದಿಟ್ಟಿರುವುದು ಎರಡು ಸಂಗತಿ. ಒಂದು ನಾನು ಬರೆದ ತುಣುಕು. ಇನ್ನೊಂದು ನಾನು.

ವರದಿಗಾರ ನಡೆದದ್ದನ್ನು ದಾಖಲಿಸಬೇಕು, ನಡೆಸಬಾರದು ಎಂಬ ನಿಯಮವನ್ನು ಇಪ್ಪತ್ತು ವರ್ಷ ಪಾಲಿಸಿದ್ದೇನೆ. ಅವತ್ತು ಅದನ್ನು ಬಿಟ್ಟೆ. ಕೂಗಾಡಲಿಲ್ಲ. ಪುಸ್ತಕದ ಹೊಸ ಹಾಳೆ ತೆಗೆದು ಬರೆಯುತ್ತಾ ಗಟ್ಟಿಯಾಗಿ ಓದಿದೆ.

"'ರಕ್ತಭೇದಿಯಿಂದ ನಿತ್ರಾಣರಾಗಿದ್ದ ಮಹಿಳೆಯನ್ನು ಪತ್ರಕರ್ತರು ಬಂದು ಫೋಟೋ ತೆಗೆಯಲಿ ಎಂದು ಬೀಗರು ಆಸ್ಪತ್ರೆಗೆ ಸಾಗಿಸದೆ ಇರಿಸಿಕೊಂಡಿದ್ದರು. ಆಂಬುಲೆನ್ಸ್ ಒಳಬಿಡಲು ಫಾರ್ಮ್‌ಸ್ಟೇ ಮ್ಯಾನೇಜರ್ ನಿರಾಕರಿಸಿದರು.' ಈಗ ನನ್ನ ಹತ್ರ ಇರೋ ಸುದ್ದಿ ಇಷ್ಟೇ. ಇಬ್ಬರ ಹೆಸರೂ ಹಾಕ್ತೀನಿ. ಐದು ನಿಮಿಷದಲ್ಲಿ ಕಾರು ಗೇಟು ದಾಟಿದ್ರೆ ಈ ಸಾಲು ಬರಿಯೋಕೆ ಆಗಲ್ಲ. ನಡೆದಿರಲ್ಲವಲ್ಲ."

"ಬ್ಲ್ಯಾಕ್‌ಮೇಲಾ?" ಎಂದ ಯುವಕ.

"ಹೌದು" ಎಂದೆ.

"ಮತ್ತೆ ಟ್ಯಾಂಕು?"

"ನೀರಿನ ಮಾದರಿ ನಾನು ತೆಗೆದ್ರೂ ನೀವು ತೆಗೆದ್ರೂ ಯಾರೂ ಒಪ್ಪಲ್ಲ. ಆರೋಗ್ಯ ಇಲಾಖೆಯವರೇ ತೆಗೀಬೇಕು. ಅವರು ಬರೋವರೆಗೆ ಟ್ಯಾಂಕಿನ ಪಕ್ಕ ನಾನು ನಿಂತಿರ್ತೀನಿ."

ಯುವಕನ ತಾಯಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಇವ್ನ್ ಪೇಪರ್‌ಗೆ ಬೆಂಕಿ ಹಾಕ. ನಡಿಯೋ, ಕಾರ್ ತೆಗಿ" ಎಂದು ತಾವೇ ಮುಂದಾಗಿ ಬೀಗಿತ್ತಿಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಅದರಲ್ಲಿ ಒರಟುತನ ಇರಲಿಲ್ಲ. ಅದನ್ನೂ ದಾಖಲಿಸಬೇಕು.

ಹನ್ನೊಂದೂ ಇಪ್ಪತ್ತೆರಡಕ್ಕೆ ಕಾರು ಗೇಟು ದಾಟಿತು. ವೈದ್ಯೆಗೆ ತಿಳಿಸಿದೆ. ಆರೋಗ್ಯ ನಿರೀಕ್ಷಕರನ್ನು ಕಳಿಸುತ್ತೇನೆಂದರು. ಅವರು ಬಂದದ್ದು ಎರಡೂವರೆಗೆ. ಮೂರು ಗಂಟೆ ಬಿಸಿಲಲ್ಲಿ ನಿಂತಿದ್ದೆ. ಮ್ಯಾನೇಜರ್ ಇಪ್ಪತ್ತು ಅಡಿ ದೂರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ನನ್ನನ್ನೇ ನೋಡುತ್ತಾ ಕೂತಿದ್ದ. ಒಂದು ಸಲ ಮಾತ್ರ ಮಾತಾಡಿದ. "ಬಾಯಾರಿದ್ರೆ ಟ್ಯಾಂಕಿನದೇ ಕುಡೀರಿ, ಪ್ರೂಫ್ ಸಿಗ್ತದೆ." ನಿರೀಕ್ಷಕರು ಟ್ಯಾಂಕಿನದೊಂದು, ಆರ್‌ಓ ನಲ್ಲಿಯದೊಂದು ಬಾಟಲಿ ತುಂಬಿ, ಸೀಲು ಮಾಡಿ, ಚೀಟಿಗೆ ಅವನ ಸಹಿ ಕೇಳಿದರು. ಒಂದು ಗಂಟೆ ಒಲ್ಲೆನೆಂದು ಕೊನೆಗೆ ಹಾಕಿದ.

ನಾನು ಆಸ್ಪತ್ರೆ ತಲುಪಿದಾಗ ಮೂರನೆಯ ಸಲೈನ್ ಬಾಟಲಿ ಹೋಗುತ್ತಿತ್ತು. ಬಂದಾಗ ರಕ್ತದೊತ್ತಡ ಎಂಬತ್ತಕ್ಕೆ ಇಳಿದಿತ್ತು, ಮೂತ್ರಪಿಂಡದ ಪರೀಕ್ಷೆಯ ಅಂಕಿ ಏರಿತ್ತು. "ಸಂಜೆವರೆಗೆ ಬಿಟ್ಟಿದ್ದರೆ ಡಯಾಲಿಸಿಸ್‌ಗೆ ಬೆಂಗಳೂರಿಗೆ ಕಳಿಸಬೇಕಾಗುತ್ತಿತ್ತೇನೋ. ಈಗಲೂ ಮೂತ್ರ ಬರೋವರೆಗೆ ಏನೂ ಹೇಳಲ್ಲ" ಎಂದರು ಕರ್ತವ್ಯದಲ್ಲಿದ್ದ ವೈದ್ಯರು. ವಾರ್ಡಿನ ಹೊರಗೆ ಯುವಕ, ಅವನ ತಾಯಿ ಒಂದು ಬೆಂಚಿನಲ್ಲಿ, ಮಗಳು ಇನ್ನೊಂದರಲ್ಲಿ ಕೂತಿದ್ದರು. ನಾನು ಯಾವ ಬೆಂಚಿಗೂ ಹೋಗಲಿಲ್ಲ. ಸಂಜೆ ಆರೂಕಾಲಿಗೆ ನರ್ಸ್ ಹೊರಬಂದು ಮೂತ್ರ ಬಂತೆಂದರು. ಮಗಳು ಗೋಡೆಗೆ ತಲೆಯಿಟ್ಟು ಅತ್ತಳು. ಐದನೆಯ ದಿನ ಅವರನ್ನು ಮನೆಗೆ ಕಳಿಸಿದರು.

ನೀರಿನ ವರದಿ ಬಂತು. ಟ್ಯಾಂಕಿನ ನೀರು ಕುಡಿಯಲು ಯೋಗ್ಯವಲ್ಲ, ಆರ್‌ಓ ನೀರು ಯೋಗ್ಯ. ರೋಗಿ ಬಾಯಿ ಮುಕ್ಕಳಿಸಿದ್ದು ಬಚ್ಚಲ ನಲ್ಲಿಯಲ್ಲಿ, ಅಂದರೆ ಟ್ಯಾಂಕಿನ ನೀರಲ್ಲಿ. ಕಲ್ಲಂಗಡಿಯನ್ನು ಯಾರೂ ಪರೀಕ್ಷಿಸಿರಲಿಲ್ಲ, ಬೀಗರ ಮನೆಯ ಅಡುಗೆಯನ್ನೂ. ಕಾಯಿಲೆ ಎಲ್ಲಿಂದ ಬಂತೆಂದು ಹೇಳಲು ನನ್ನ ಬಳಿ ಪುರಾವೆ ಇರಲಿಲ್ಲ. ಇಷ್ಟನ್ನೇ ಒಂದು ಕಾಲಂ ಸುದ್ದಿಯಾಗಿ ಬರೆದೆ. ಬೆಳಿಗ್ಗೆ ಎರಡೂ ಕಡೆಯವರು ಫೋನು ಮಾಡಿ ಬೈದರು.

ಉಳಿದದ್ದು ನನ್ನ ತಪ್ಪು. ಬೆಂಗಳೂರಿನ ಕಚೇರಿಗೆ ಹೋಗಿ ಮುಖ್ಯ ಉಪಸಂಪಾದಕರ ಮುಂದೆ ತಿದ್ದುಪಡಿ ಬರೆದಿಟ್ಟೆ. ಅವರು ತುಣುಕನ್ನು ಎರಡು ಸಲ ಓದಿದರು.

"ಅಚ್ಚಾಗಿರೋದ್ರಲ್ಲಿ ತಪ್ಪೆಲ್ಲಿದೆ ತೋರ್ಸಿ. ಒಂದು ಸಾಲು."

"ಒಂದೂ ಇಲ್ಲ ಸಾರ್. ಇಲ್ಲದ್ದೇ ತಪ್ಪು."

"ಬಿಟ್ಟಿದ್ದಕ್ಕೆಲ್ಲ ತಿದ್ದುಪಡಿ ಹಾಕ್ತಾ ಕೂತ್ರೆ ದಿನಾ ಒಂದು ಪುಟ ಬೇಕು ಕಣ್ರೀ."

ಆಸ್ಪತ್ರೆಯ ಚೀಟಿಯ ನಕಲನ್ನು ಮೇಜಿನ ಮೇಲಿಟ್ಟೆ. ಅವರು ಪೆನ್ನು ತೆಗೆದು ನನ್ನ ಬರಹದಲ್ಲಿ ಒಂದು ಪದ ಹೊಡೆದರು. "ಉಷ್ಣ ಬೇಡ. ಅದು ವೈದ್ಯಕೀಯ ಪದ ಅಲ್ಲ. ಡಾಕ್ಟರ್ ಹೆಸರಲ್ಲಿ ಹೋಗೋ ಮಾತು, ನಗ್ತಾರೆ. 'ಮಲದಲ್ಲಿ ರಕ್ತಸ್ರಾವ' ಅಂತ ಮಾಡಿ."

"ಸಾರ್, ರಕ್ತ ಬಿದ್ದಿದ್ಯಾ ಅಂತ ಡಾಕ್ಟರು ನೇರವಾಗೇ ಕೇಳಿದ್ರು. ಇಲ್ಲ ಅಂದ್ರು. ರಕ್ತ ಅಂತ ನೀವು ಎಷ್ಟು ದಪ್ಪಕ್ಷರದಲ್ಲಿ ಹಾಕಿದ್ರೂ ಆ ಮನೆಯವರು ಇದು ನಮಗಲ್ಲ ಅಂತ ಪುಟ ತಿರುಗಿಸ್ತಾರೆ."

ವಾದ ಅರ್ಧ ಗಂಟೆ ನಡೆಯಿತು. ಕೊನೆಗೆ ವೈದ್ಯೆಗೇ ಫೋನು ಮಾಡಿದರು. ಆ ಪದವೇ ಇರಲಿ, ಮೊದಲ ಸಾಲಿನಲ್ಲಿರಲಿ ಎಂದರು ಅವರು. ಮರುದಿನ ಒಳಪುಟದಲ್ಲಿ ಚೌಕಟ್ಟು ಹಾಕಿ ಅಚ್ಚಾಯಿತು:

"ಪ್ರವಾಸದಲ್ಲಿ ಭೇದಿಯಾದಾಗ ಕೆಂಪಗೆ ಹೋದರೆ ಉಷ್ಣವೆಂದು ಕೂರಬೇಡಿ, ಅದು ರಕ್ತ. ರಕ್ತ ಕಂಡರೆ, ಮೈ ಸುಡುವ ಜ್ವರವಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಂಟು ಗಂಟೆ ಮೂತ್ರ ಬಾರದಿದ್ದರೆ, ತಲೆಸುತ್ತಿ ನಿಲ್ಲಲಾಗದಿದ್ದರೆ ಎರಡು ದಿನ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು, ಬಿಪಿ, ಸಕ್ಕರೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಯಾವ ಭೇದಿಗೂ ಬೇಗನೆ ವೈದ್ಯರನ್ನು ಕಾಣಿ. ನಾಚಿಕೆಗೆ ನೀರು ಬಿಡಬೇಡಿ. ಈ ಮಾತು ನಮ್ಮ ಹಿಂದಿನ ಬರಹದಿಂದ ಬಿಟ್ಟುಹೋಗಿತ್ತು. ಬಿಟ್ಟದ್ದು ನಮ್ಮ ತಪ್ಪು."

ಯುವಕ ಫೋನು ಮಾಡಿದ. "ಒಪ್ಕೊಂಡ್ರಲ್ಲ ಕೊನೇಗೆ, ನಿಮ್ದೇ ತಪ್ಪು ಅಂತ."

"ನನ್ನ ಪಾಲಿನದು ಒಪ್ಕೊಂಡಿದ್ದೀನಿ" ಎಂದೆ. ಅವನು ಫೋನಿಟ್ಟ. ಆ ಪೇಪರ್ ಮದ್ದೂರಿಗೆ ಹೋಯಿತೋ ಇಲ್ಲವೋ ಗೊತ್ತಿಲ್ಲ.

ಹಳೆಯ ತುಣುಕು ಮಾತ್ರ ಮೊಬೈಲಿನಿಂದ ಮೊಬೈಲಿಗೆ ಇನ್ನೂ ಓಡಾಡುತ್ತಿದೆ. ತಿದ್ದುಪಡಿ ಅದರ ಹಿಂದೆ ಅಷ್ಟು ದೂರ ಹೋಗಿಲ್ಲ.

ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ ಫಾರ್ಮ್‌ಸ್ಟೇ ಮ್ಯಾನೇಜರ್ ಫೋನು ಮಾಡಿದ. ಅವನೂ ನಮಸ್ಕಾರ ಹೇಳಲಿಲ್ಲ.

"ಒಬ್ಬ ಗೆಸ್ಟು, ವಯಸ್ಸಾದೋರು. ಬೆಳಿಗ್ಗೆಯಿಂದ ಲೂಸ್ ಮೋಷನ್. ಉಷ್ಣ ಆಗೈತೆ, ಎಳನೀರು ತರ್ಸಿ ಅಂದ್ರು."

"ಕೆಂಪಗೆ ಹೋಗ್ತಿದ್ಯಾ ಅಂತ ಕೇಳಿ—"

"ಕೇಳ್ಲಿಲ್ಲ. ಉಷ್ಣ ಅಂದ ತಕ್ಷಣ ನಮ್ ಗಾಡೀಲೇ ಕೂರ್ಸಿ ಆಸ್ಪತ್ರೆಗೆ ಕಳ್ಸಿದ್ದೀನಿ. ಟೈಮ್ ಬರ್ಕೊಳಿ, ಒಂದೂ ನಲವತ್ತು. ನಾಳೆ ನಿಮ್ ದರಿದ್ರ ಪೇಪರ್‌ನಲ್ಲಿ ನನ್ ಹೆಸರು ಬರಬಾರ್ದು, ಅದಕ್ಕೆ ಹೇಳ್ತಾ ಇದ್ದೀನಿ."

ಒಂದೂ ನಲವತ್ತು ಎಂದು ಬರೆದುಕೊಂಡೆ. ಏನೋ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವನು ಫೋನಿಟ್ಟಿದ್ದ.